ಹೆಗಡೆಯವರ ಲಂಗರು

ಒಂದೇ ತಿಂಗಳು! ಹೆಚ್ಚೆಂದರೆ ತಿಂಗಳ ಮೇಲೆ ಎರಡು ದಿನ. ಅಷ್ಟರೊಳಗೆ ಮಚವೆ, ದೋಣಿ, ಪಾತಿ ಎಂದು ನೀರಿನ ಮೇಲೆ ತೇಲುವ ಸಕಲಕ್ಕೂ ಸೇರಿದ ಶಬ್ದಗಳನ್ನು ಒಟ್ಟುಮಾಡಿ, ಸಮುದ್ರದ ಮುಖ ಕಾಣದವನಿಗೂ ತಿಳಿಯುವಂತೆ ಕನ್ನಡದಲ್ಲಿ ಬರೆದು ತಮ್ಮ ಮೇಜಿನ ಮೇಲೆ ಇಡುತ್ತೇನೆ ಎಂದು ಶಾಂತಾರಾಮ ಹೆಗಡೆಯವರು ಸಾಹೇಬರ ಎದುರು ಹೇಳಿಬಂದರು. ಹೇಳಿ ಹೊರಗೆ ಬರುವಾಗ ಅವರ ಎದೆ ಪಡುಗಾಳಿ ತುಂಬಿದ ಹಾಯಿಯ ಹಾಗೆ ಉಬ್ಬಿತ್ತು.

ಹೆಗಡೆಯವರು ಹೊನ್ನಾವರದ ಬಂದರಿನಲ್ಲಿ ಗುಮಾಸ್ತರು. ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿ ಮೂರ್ನಾಲ್ಕು ವರ್ಷ ಆಗಿತ್ತು. ಮರಾಠಿಯಲ್ಲಿ ಮಲಗಿದ್ದ ಕಾಗದಗಳೆಲ್ಲ ಒಂದೊಂದಾಗಿ ಕನ್ನಡದ ಕಡೆಗೆ ಮಗ್ಗುಲು ಬದಲಿಸುತ್ತಿದ್ದವು. ಹೊಸದಾಗಿ ಬಂದ ಸಾಹೇಬರು ಬಯಲುಸೀಮೆಯವರು, ಊರ ಕೆರೆ ಬಿಟ್ಟು ಬೇರೆ ನೀರು ನೋಡಿದವರಲ್ಲ. ಬಂದ ದಿನವೇ ಕಿಟಕಿಯ ಹೊರಗೆ ನೋಡುತ್ತ, "ಏನ್ರೀ ಹೆಗಡೆ, ಈ ಲಂಗರು ಅನ್ನೋದು ದೋಣಿ ಮೇಲಿರುತ್ತೋ, ನೀರೊಳಗಿರುತ್ತೋ?" ಎಂದು ಕೇಳಿದರು. ಹೊತ್ತು ನೋಡಿಕೊಂಡು ಎರಡೂ ಕಡೆ ಇರುತ್ತದೆ ಎಂದು ಹೆಗಡೆಯವರು ವಿನಯದಿಂದ ತಿಳಿಸಿದರು. ಪುಸ್ತಕದ ಯೋಚನೆ ಹುಟ್ಟಿದ್ದು ಆ ಗಳಿಗೆಯಲ್ಲಿ. ಇಂಥ ಸಾಹೇಬರು ಇನ್ನೆಷ್ಟು ಮಂದಿ ಬರುವವರಿದ್ದಾರೋ ಏನೋ!

ಇನ್ನು ಹೆಗಡೆಯವರ ಸ್ವಂತ ಅನುಭವದ ವಿಷಯ. ಅವರು ಹುಟ್ಟಿ ಬೆಳೆದದ್ದು ಕುಮಟೆಯಿಂದ ಒಳಗೆ, ಸಂತೆಗುಳಿಯಲ್ಲಿ. ಅಲ್ಲಿ ಅವರು ಕಂಡ ದೊಡ್ಡ ನೀರೆಂದರೆ ಮಳೆಗಾಲದ ಹಳ್ಳ. ಬಂದರಿನಲ್ಲಿ ಹನ್ನೊಂದು ವರ್ಷ ಕೂತರೂ ಅವರ ಕುರ್ಚಿ ಕಿಟಕಿಯ ಹತ್ತಿರ ಇತ್ತೇ ಹೊರತು ನೀರಿನ ಹತ್ತಿರ ಇರಲಿಲ್ಲ. ಶರಾವತಿ ದಾಟುವ ಪ್ರಸಂಗ ಬಂದರೆ ಲಾಂಚಿನ ನಟ್ಟನಡುವೆ ಕಂಬ ತಬ್ಬಿ, ಕಣ್ಣು ಮುಚ್ಚಿ ನಿಂತು, ದಡ ಬಂತೆಂದು ಯಾರಾದರೂ ಹೇಳಿದ ಮೇಲೆ ಒಂದೊಂದೇ ಕಣ್ಣು ತೆರೆಯುತ್ತಿದ್ದರು. ಆದರೆ ಶಬ್ದಕ್ಕೆ ಕೊರತೆ ಇರಲಿಲ್ಲ. ಹಾಯಿ ಕಟ್ಟುವ ಕೂವೆಮರ ಎಷ್ಟು ಉದ್ದ, ಚುಕ್ಕಾಣಿ ಯಾವ ಮರದ್ದು ಎಂದೆಲ್ಲ ಬರೆದು ಬರೆದು ಬಾಯಿಗೆ ಬಂದಿತ್ತು. ಬಾರದೆ ಉಳಿದದ್ದನ್ನು ಹೇಳಿಕೊಡಲು ಬೀರ ಇದ್ದ.

ಬೀರ ಆಚೆ ದಡದ ಅಂಬಿಗ. ಅವನಿಗೆ ಹಾಯಿ ಕಟ್ಟಿದ ಒಂದು ಸಣ್ಣ ದೋಣಿ ಇತ್ತು. ಲಾಂಚಿಗೆ ಕಾಯುವ ತಾಳ್ಮೆ ಇಲ್ಲದವರನ್ನೂ ಲಾಂಚಿನವರು ಒಲ್ಲೆವೆಂದ ಸಾಮಾನನ್ನೂ ಅದರಲ್ಲಿ ದಾಟಿಸುತ್ತಿದ್ದ. ಮಧ್ಯಾಹ್ನ ದೋಣಿಗಳು ಬಂದು ನಿಲ್ಲುವ ಧಕ್ಕೆಯ ನೆರಳಿನಲ್ಲಿ ಅವನು ಕಾಲು ಚಾಚಿದರೆ ಸಾಕು, ಹೆಗಡೆಯವರು ಬರೆಯುವ ಪಟ್ಟಿ ಹಿಡಿದು ಪಕ್ಕದಲ್ಲಿ ಹಾಜರು. ಬೀರ ಎರಡು ಮಾತು ಹೇಳಿದರೆ ಹೆಗಡೆಯವರು ಎರಡು ಪುಟ ಬರೆಯುತ್ತಿದ್ದರು.

ಬರೆದದ್ದು ಹೊಸಬರಿಗೆ ತಿಳಿಯುತ್ತದೋ ಇಲ್ಲವೋ ಎಂದು ನೋಡಲು ಒಬ್ಬರು ಹೊಸಬರು ಬೇಕಲ್ಲ? ಅದಕ್ಕೆ ಮನೆಯಲ್ಲಿ ಹೆಂಡತಿ ಪರಮೇಶ್ವರಿ ಇದ್ದಳು. ಅವಳು ಓದಿದ್ದು ಮೂರನೆಯ ಇಯತ್ತೆ. ದಿನಾ ಸಂಜೆ ದೇವರಿಗೆ ದೀಪ ಇಟ್ಟಾದ ಮೇಲೆ ಅವಳು ಹತ್ತಿ ತೆಗೆದುಕೊಂಡು ಬತ್ತಿ ಹೊಸೆಯಲು ಕೂರುವಳು, ಇವರು ಎದುರಿಗೆ ಮಣೆ ಹಾಕಿಕೊಂಡು ಪುರಾಣದ ಭಟ್ಟರ ಹಾಗೆ ಗಂಟಲು ಸರಿಮಾಡಿಕೊಳ್ಳುವರು.

"ಹಾಯಿ. ಗಾಳಿಯನ್ನು ಹಿಡಿದು ದೋಣಿಯನ್ನು ಎಳೆಯುವ ಬಟ್ಟೆ. ಹಗ್ಗದ ಮೇಲೆ ಒಣಗಹಾಕಿದ ಸೀರೆ ಗಾಳಿಗೆ ಉಬ್ಬುವುದನ್ನು ನೋಡಿ ತಿಳಿಯಬಹುದು." ಇಷ್ಟು ಓದಿ ತಲೆ ಎತ್ತುವರು. "ತಿಳೀತನೆ?"

"ಹೂಂ."

"ಚುಕ್ಕಾಣಿ. ಇದು ದೋಣಿಯ ಹಿಂಬದಿಯಲ್ಲಿ ಇರುತ್ತದೆ. ಇರುವುದು ಹಿಂದಾದರೂ, ಮುಂದಿನದು ಎತ್ತ ತಿರುಗಬೇಕು ಎನ್ನುವುದನ್ನು ನಿಶ್ಚಯಿಸುವುದು ಇದೇ."

"ಮನೇಲಿ ಅಡುಗೆಮನೆ ಹಿಂದೆ ಇಪ್ಪ ಹಾಂಗೆ," ಎಂದಳು ಪರಮೇಶ್ವರಿ, ಬತ್ತಿಯಿಂದ ಕಣ್ಣು ತೆಗೆಯದೆ.

ಹೆಗಡೆಯವರು ಇದನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಒಂಬತ್ತನೆಯ ಪುಟ ಅವರಿಗೆ ಬಹಳ ಪ್ರೀತಿಯದು. ಅದರಲ್ಲಿ ತಾಂಡೇಲನ ವಿಷಯ ಇತ್ತು. ದೋಣಿಗೆ ಯಜಮಾನ ಯಾರೋ ಅವನೇ ತಾಂಡೇಲ, ದೋಣಿ ನೀರಿನಲ್ಲಿ ಇರುವಷ್ಟು ಹೊತ್ತು ಅವನು ಅಪ್ಪಣೆ ಕೊಡುವಾಗ ಉಳಿದವರು ನಡುವೆ ಬಾಯಿ ಹಾಕಬಾರದು, ಎದುರು ಮಾತಾಡಬಾರದು ಎಂದು ಬರೆದಿದ್ದರು. ಆ ಪುಟವನ್ನು ಮನೆಯಲ್ಲಿ ಮೂರು ಸಲ ಓದಿದರು. ಮೂರು ಸಲವೂ ಪರಮೇಶ್ವರಿ ಹೂಂ ಎಂದಳು.

ಹದಿನಾಲ್ಕನೆಯ ಪುಟ ಗುರುತಿನದು. ಬೀರ ಅದನ್ನು ಹೇಳಿಕೊಡಲು ಒಂದು ಇಡೀ ಮಧ್ಯಾಹ್ನ ತೆಗೆದುಕೊಂಡಿದ್ದ. ನೀರಿನ ಮೇಲೆ ಗೆರೆ ಎಳೆಯಲು ಬರುವುದಿಲ್ಲ, ಆದ್ದರಿಂದ ಅಂಬಿಗರು ಗೆರೆಯನ್ನು ದಡದ ಮೇಲೆ ಎಳೆಯುತ್ತಾರೆ. ದಡದಲ್ಲಿ ಹತ್ತಿರದ ಒಂದು ವಸ್ತು, ಅದರ ಹಿಂದೆ ದೂರದ ಇನ್ನೊಂದು. ಒಂದರ ಮೇಲೆ ಒಂದು ಬಂದು ಕೂತರೆ ಅದು ಒಂದು ಗೆರೆ. ಹಾಗೇ ಕುತ್ತಿಗೆ ತಿರುಗಿಸಿ ಬೇರೆ ಬದಿಯಲ್ಲಿ ಇನ್ನೊಂದು ಜೋಡಿ ನೋಡಿಟ್ಟುಕೊಂಡರೆ ಎರಡನೆಯ ಗೆರೆ. ಎರಡು ಗೆರೆ ಕೂಡುವಲ್ಲಿ ನಾವಿದ್ದೇವೆ. ಬಲೆ ಬಿದ್ದ ಜಾಗವನ್ನು ಆರು ತಿಂಗಳ ಮೇಲೆ ಹುಡುಕಿದರೂ ಅಂಗೈಯಷ್ಟು ಅಂತರ ಬರುವುದಿಲ್ಲ. ಮೋಡ, ಎಮ್ಮೆ, ನಿಂತ ದೋಣಿ ಇವನ್ನು ಗುರುತು ಹಿಡಿಯತಕ್ಕದ್ದಲ್ಲ, ಇವು ನಡೆಯುತ್ತವೆ.

"ತಿಳೀತನೆ?"

"ಹೂಂ."

ಮರುದಿನ ಬೆಳಿಗ್ಗೆ ಪರಮೇಶ್ವರಿ ಅಂಗಳದಲ್ಲಿ ನಿಂತು ಒಮ್ಮೆ ತುಳಸಿಕಟ್ಟೆಯ ಕಡೆಗೆ, ಒಮ್ಮೆ ಬಾವಿಯ ಕಡೆಗೆ ಕುತ್ತಿಗೆ ತಿರುಗಿಸುತ್ತಿದ್ದುದು ಹೆಗಡೆಯವರ ಕಣ್ಣಿಗೆ ಬಿತ್ತು. ಕುತ್ತಿಗೆ ಹಿಡಿದಿರಬೇಕು, ಎಣ್ಣೆ ಬಿಸಿ ಮಾಡಿ ಹಚ್ಚಿಕೊ ಎಂದು ಹೇಳಿ ಕಚೇರಿಗೆ ನಡೆದರು.

ಶಬ್ದಗಳ ಸಂಖ್ಯೆ ನೂರಾ ಹನ್ನೆರಡಕ್ಕೆ ಬಂದಿತ್ತು. ಪುಸ್ತಕ ಮುಗಿಯುವುದರಲ್ಲಿತ್ತು. ಆಗ ನಡುವೆ ಒರಳು ಬಂತು.

ಒರಳಿನ ಕತೆ ಒಂಬತ್ತು ವರ್ಷದ್ದು. ಈ ಬಾಡಿಗೆ ಮನೆಗೆ ಬಂದಂದಿನಿಂದ ಪರಮೇಶ್ವರಿಗೆ ಸ್ವಂತ ಒರಳಿಲ್ಲ. ದೋಸೆಗೋ ತಂಬಳಿಗೋ ಏನು ರುಬ್ಬುವುದಿದ್ದರೂ ಬಾವಿಯ ಆಚೆಯ ಮನೆಯ ಮೂಕಾಂಬಿಕೆಯ ಒರಳಿಗೇ ಹೋಗಬೇಕು. ಮೂಕಾಂಬಿಕೆ ಕೆಟ್ಟವಳಲ್ಲ. ಇಲ್ಲ ಎಂದವಳಲ್ಲ. ಆದರೆ ತನ್ನದು ಮುಗಿಯುವವರೆಗೆ ನಿಲ್ಲಿಸಿಕೊಳ್ಳುವಳು, ಮುಗಿದ ಮೇಲೆ ಒರಳಿನ ನಾಲ್ಕು ಹೊಗಳಿಕೆ ಕೇಳಿಸಿಕೊಳ್ಳುವಳು, ಕೊನೆಗೆ "ಗುಂಡು ಮೆಲ್ಲಗೆ ತಿರುಗ್ಸು, ಅದಕ್ಕೆ ಹೆಚ್ಚು ಜೋರು ಆಗ್ತಿಲ್ಲೆ" ಎನ್ನುವಳು. ಕಲ್ಲಿಗೆ ನೋವಾಗುತ್ತದೆ ಎನ್ನುವಂತೆ! ಒಂಬತ್ತು ವರ್ಷ ಪರಮೇಶ್ವರಿ ಮೆಲ್ಲಗೆ ತಿರುಗಿಸಿದಳು. ಈ ವರ್ಷ ಮಾತ್ರ ಇಡಗುಂಜಿ ದಾರಿಯ ಕಲ್ಲುಕುಟಿಗನಿಗೆ ಹೇಳಿ ಕಳಿಸಿ ಒರಳು ಮಾಡಿಸಿದಳು. ಅಷ್ಟೇ ಅಲ್ಲ, ಮೂಕಾಂಬಿಕೆಯ ಎದುರು ಒಂದು ಮಾತನ್ನೂ ಆಡಿಬಿಟ್ಟಳು: "ಯುಗಾದಿ ದಿವಸ ನೀನೇ ನಮ್ಮನೆಗೆ ಬಾ. ಇಬ್ಬರದ್ದೂ ನಮ್ಮನೆ ಒರಳಲ್ಲೇ ರುಬ್ಬುವ."

ಆ ಸಲ ಸಂಕಷ್ಟಿ ಭಾನುವಾರ ಬಿತ್ತು. ಗಂಡ ಹೆಂಡತಿ ಇಬ್ಬರೂ ಇಡಗುಂಜಿ ಗಣಪತಿಗೆ ಕೈಮುಗಿದು, ಬರುವಾಗ ಒರಳನ್ನು ಗಾಡಿಗೆ ಹೇರಿಸಿಕೊಂಡು ಬಂದರು. ಕಲ್ಲುಕುಟಿಗ ಒರಳಿನ ಕುಳಿಗೆ ಗುಂಡನ್ನು ಇಟ್ಟು ತಿರುಗಿಸಿ ತೋರಿಸಿದ್ದ. ಇವೆರಡೂ ಜೋಡಿ, ಈ ಕುಳಿಗೆ ಬೇರೆ ಗುಂಡು ಕೂರುವುದಿಲ್ಲ, ಈ ಗುಂಡಿಗೆ ಬೇರೆ ಕುಳಿ ಆಗುವುದಿಲ್ಲ ಎಂದು ಹೇಳಿಯೂ ಇದ್ದ. ಪರಮೇಶ್ವರಿ ದಾರಿಯುದ್ದಕ್ಕೂ ಗುಂಡನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ನದಿಯ ದಡಕ್ಕೆ ಬರುವಾಗ ಮಧ್ಯಾಹ್ನ ನಾಲ್ಕು ಗಂಟೆ. ಲಾಂಚಿನವರು ಒರಳನ್ನು ಕಂಡೇ ಕೈ ಆಡಿಸಿದರು. ಬೀರನ ದೋಣಿ ಇತ್ತು, ಬೀರನೂ ಇದ್ದ, ದಡದಲ್ಲಿ ಬಲೆ ಒಣಗಿಸುತ್ತ ಅವನ ಹೆಂಡತಿ ಲಕ್ಕಿಯೂ ಇದ್ದಳು. ನಾಲ್ಕು ಜನ ಸೇರಿ ಒರಳನ್ನು ದೋಣಿಯ ನಡುವೆ ಇಳಿಸಿದರು. ದೋಣಿ ಒಮ್ಮೆ ನಿಟ್ಟುಸಿರು ಬಿಟ್ಟು ನೀರಿಗೆ ಕೂತಿತು.

ಹೆಗಡೆಯವರು ಸೊಂಟದ ಮೇಲೆ ಕೈಯಿಟ್ಟು ದೋಣಿಯನ್ನು ನೋಡಿದರು. ನೂರಾ ಹನ್ನೆರಡು ಶಬ್ದ ಬಲ್ಲವರು ಇನ್ನೂ ಕಂಬ ತಬ್ಬಿಕೊಂಡು ದಾಟುವುದು ಹೇಗೆ? ಈ ಹೊತ್ತು ತಾಂಡೇಲ ತಾನೇ ಎಂದು ಸಾರಿದರು. ಬೀರ ನಕ್ಕ. "ಆಗ್ಲಿ ಹೆಗಡೇರೇ. ಬಾಯಿ ನಿಮ್ದು, ಕೈ ನಂದು."

ತಾಂಡೇಲರ ಮೊದಲನೆಯ ಅಪ್ಪಣೆ ಹೊರಟಿತು. ದೋಣಿಗೆ ಭಾರ ಹೆಚ್ಚಾಗಿದೆ, ಬೇಡದ ಸಾಮಾನು ಇಳಿಸತಕ್ಕದ್ದು. ಬೇಡದ ಸಾಮಾನು ಎಂದು ಅವರ ಕಣ್ಣಿಗೆ ಕಂಡದ್ದು ದೋಣಿಯ ಮೂತಿಯಲ್ಲಿ ಬಿದ್ದಿದ್ದ ನಾಲ್ಕು ಹಲ್ಲಿನ ಕಬ್ಬಿಣದ ಲಂಗರು. ಬೀರ ಮೊದಲು ತಮಾಷೆ ಎಂದೇ ತಿಳಿದ.

"ಲಂಗರು ಇಲ್ದೇ ದೋಣಿ ಬಿಡೂಕೆ ಆತದ್ಯಾ?"

"ಹತ್ತು ನಿಮಿಷದ ದಾರಿ. ಇಂಥ ಗಾಳಿ ಇರುವಾಗ ನಿಲ್ಲಿಸುವ ಸಾಮಾನು ಯಾಕೋ ಬೀರಾ?"

ಲಂಗರನ್ನು ಬಿಚ್ಚಿ ಲಕ್ಕಿಯ ಕೈಗೆ ಕೊಟ್ಟದ್ದಾಯಿತು. ಅದರ ಹಗ್ಗ ಮಾತ್ರ ದೋಣಿಯಲ್ಲಿ ಉಳಿಯಿತು. ಲಕ್ಕಿ ಒಮ್ಮೆ ಲಂಗರನ್ನೂ ಒಮ್ಮೆ ಹೆಗಡೆಯವರನ್ನೂ ನೋಡಿ, ಲಂಗರನ್ನು ಬಲೆಯ ಮೇಲಿಟ್ಟಳು. ಬಲೆ ಗಾಳಿಗೆ ಹಾರದಂತಾಯಿತು, ಒಳ್ಳೆಯದೇ ಆಯಿತು.

ಮೊದಲ ಐದು ನಿಮಿಷ ಹೆಗಡೆಯವರ ಆಯುಷ್ಯದಲ್ಲೇ ಬಂಗಾರದ ಐದು ನಿಮಿಷ. ಹಾಯಿ ತುಂಬಿತು, ದೋಣಿ ವಾಲಿಕೊಂಡು ಓಡಿತು. ಅವರು ಕಣ್ಣು ಬಿಟ್ಟೇ ಕೂತಿದ್ದರು. ಬೀರ ಏನು ಮಾಡಿದರೂ ಅರೆಗಳಿಗೆ ಬಿಟ್ಟು ಅದನ್ನೇ ಮಾಡೆಂದು ಅಪ್ಪಣೆ ಕೊಡುತ್ತ ಬಂದರು. ನೀರಿನ ನಡುವೆ ಹೆಂಚು ಹೇರಿಕೊಂಡು ಭಟ್ಕಳಕ್ಕೆ ಹೊರಡಲಿದ್ದ ಒಂದು ದೊಡ್ಡ ಮಚವೆ ನಿಂತಿತ್ತು. ಅದರ ಖಲಾಸಿಗಳಿಗೆ ಕೈಬೀಸಿ ತೋರಿಸಿದರು. ಸರಿಯಾಗಿ ಅಲ್ಲಿಯೇ ಗಾಳಿ ಬಿತ್ತು.

ಹಾಯಿ ಹಿಂಡಿ ಹಾಕಿದ ಪಂಚೆಯ ಹಾಗೆ ಜೋತಿತು. ಆಗ ಇಳಿತದ ಹೊತ್ತು. ನದಿಯ ನೀರೆಲ್ಲ ಸಮುದ್ರಕ್ಕೆ ಹೊರಟಿತ್ತು, ಹೋಗುವಾಗ ದೋಣಿಯನ್ನೂ ಬಾ ಎಂದು ಕರೆಯಿತು. ಬೀರ ಹಾಯಿ ಇಳಿಸಿ, ಇವರಿಗೆ ಬೆನ್ನು ಹಾಕಿ ಹುಟ್ಟು ಹಾಕತೊಡಗಿದ. ಆದರೆ ಹೊಟ್ಟೆಯಲ್ಲಿ ಒರಳು ಹೊತ್ತ ದೋಣಿ ಯಾರ ಮಾತು ಕೇಳುತ್ತದೆ? ದೂರದಲ್ಲಿ, ನದಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಬಿಳಿ ನೊರೆ ಕಂಡಿತು. ಬೆಳಗಿನಿಂದ ಉಪವಾಸ ಇದ್ದ ಹೆಗಡೆಯವರ ತಲೆಯಿಂದ ನೂರಾ ಹನ್ನೊಂದು ಶಬ್ದ ಒಂದೇ ಸಲಕ್ಕೆ ಹಾರಿಹೋದವು. ಉಳಿದದ್ದು ಒಂದು.

"ಲಂಗರು ಹಾಕು!"

"ಲಂಗರು ಲಕ್ಕಿ ಹತ್ರ ಅದೆ," ಎಂದ ಬೀರ, ತಿರುಗಿ ನೋಡದೆ.

ಹೆಗಡೆಯವರು ಸುತ್ತ ನೋಡಿದರು. ಹಗ್ಗ ಇತ್ತು. ಭಾರದ ವಸ್ತು ಬೇಕಿತ್ತು. ಪರಮೇಶ್ವರಿಯ ಕಾಲಬುಡದಲ್ಲಿ ಗುಂಡು ಇತ್ತು. ಅವಳು ಕೈ ಅಡ್ಡ ಇಡುವುದರೊಳಗೆ ಅದನ್ನು ಎತ್ತಿಕೊಂಡು, ಅದರ ಕುತ್ತಿಗೆಗೆ ಹಗ್ಗ ಸುತ್ತಿ, ಇಪ್ಪತ್ತೆರಡನೆಯ ಪುಟದ ಗಂಟನ್ನು ಹಾಕಿದರು. ಗಂಟಿಗೆ ಹೆಸರು ಇಡುವಂತಿರಲಿಲ್ಲ. ಎರಡು ಸಲ ಜಗ್ಗಿ ನೋಡಿದರು. ಆನೆ ಕಟ್ಟಬಹುದಿತ್ತು.

"ಹೋಯ್," ಎಂದಳು ಪರಮೇಶ್ವರಿ, "ಹಗ್ಗದ ಆ ಬದಿ..."

"ಒಂಬತ್ತನೇ ಪುಟ!" ಎಂದು ಗುಡುಗಿದರು ತಾಂಡೇಲರು.

ಪರಮೇಶ್ವರಿ ಬಾಯಿ ಮುಚ್ಚಿದಳು.

ಗುಂಡು ನೀರಿಗೆ ಬಿತ್ತು. ಹಗ್ಗ ಸರಸರ ಓಡಿತು. ಹೆಗಡೆಯವರು ಎದ್ದು ನಿಂತು, ಎಷ್ಟು ಮಾರು ಹೋಯಿತೆಂದು ಎಣಿಸುತ್ತಿದ್ದರು. ಒಂದು, ಎರಡು, ಮೂರು. ನಾಲ್ಕನೆಯದು ಎಣಿಸುವಾಗ ಹಗ್ಗದ ಬಾಲ ದೋಣಿಯ ಅಂಚಿನ ಮೇಲೆ ಹತ್ತಿ, ಒಮ್ಮೆ ಇವರ ಕಡೆ ನೋಡಿದಂತೆ ಮಾಡಿ, ಗುಂಡಿನ ಹಿಂದೆ ನೀರಿಗೆ ಇಳಿದುಹೋಯಿತು. ನೆನೆದು ನೆನೆದು ಹಳತಾದ ಹಗ್ಗ. ತೇಲುವ ಉಮೇದು ಅದಕ್ಕೆ ಯಾವತ್ತೋ ಹೋಗಿತ್ತು.

ಬೀರ ಹುಟ್ಟು ನಿಲ್ಲಿಸಿ ತಿರುಗಿದ. "ಹೆಗಡೇರೇ, ಬಾಲ ಯಾರು ಹಿಡ್ಕಂಡಿದ್ರು?"

ಪರಮೇಶ್ವರಿ ಅಳುತ್ತಾಳೆಂದು ಹೆಗಡೆಯವರು ಹೆದರಿದರು. ಅವಳು ಅಳಲಿಲ್ಲ. ಬಂದರಿನ ಕಡೆಗೆ ಒಮ್ಮೆ ನೆಟ್ಟ ನೋಟ ನೋಡಿದಳು, ಕುತ್ತಿಗೆ ತಿರುಗಿಸಿ ಮೂಡಲ ಗುಡ್ಡದ ಕಡೆಗೆ ಒಮ್ಮೆ ನೋಡಿದಳು. ತುಟಿ ಅಲ್ಲಾಡುತ್ತಿತ್ತು. ಪಾಪ, ಇಡಗುಂಜಿ ಗಣಪತಿಯನ್ನು ಕರೆಯುತ್ತಿದ್ದಾಳೆ ಎಂದುಕೊಂಡು ಹೆಗಡೆಯವರೂ ಮನಸ್ಸಿನಲ್ಲೇ ಕರೆದರು.

ಗಣಪತಿ ಬರುವ ಮೊದಲು ಮರಳುದಿಣ್ಣೆ ಬಂತು. ಬೀರ ದೋಣಿಯನ್ನು ಓರೆಯಾಗಿ ತಿರುಗಿಸಿ ಅದರ ಮೇಲೆ ಹತ್ತಿಸಿದ. ಅಲ್ಲಿ ಅವರು ಮುಕ್ಕಾಲು ಗಂಟೆ ಕೂತರು. ಎರಡು ದಡದ ಜನಕ್ಕೂ ಚೆನ್ನಾಗಿ ಕಾಣುವ ಜಾಗ ಅದು. ಹೆಗಡೆಯವರು ಒರಳಿನ ಮೇಲೆ ಕೂತು, ನೀರಿನ ಕಡೆಗೆ ಮುಖ ಮಾಡಿ, ಹವೆ ತಿನ್ನಲು ಬಂದವರ ಹಾಗೆ ಇರಲು ನೋಡಿದರು. ಕಡೆಗೆ ಮೀನು ಹಿಡಿದು ಬರುತ್ತಿದ್ದ ದಾಸ ಎಂಬವನ ದೋಣಿ ಇವರನ್ನು ಎಳೆದುಕೊಂಡು ಧಕ್ಕೆ ಮುಟ್ಟಿಸಿತು. ಧಕ್ಕೆಯ ಮೇಲೆ ಸಂಜೆಯ ತಿರುಗಾಟಕ್ಕೆ ಬಂದ ಸಾಹೇಬರು ನಿಂತಿದ್ದರು. ಅವರು ಕಲಿಯುವ ಆಸಕ್ತಿ ಉಳ್ಳವರು.

"ಹೆಗಡೆ, ಅಷ್ಟು ಹೊತ್ತು ಅಲ್ಲಿ ಕೂತಿದ್ರಲ್ಲ, ಅದಕ್ಕೆ ಏನಂತಾರೆ?"

"ದಿಣ್ಣೆ ಹತ್ತುವುದು, ಸರ್," ಎಂದರು ಹೆಗಡೆಯವರು. "ಇಪ್ಪತ್ತೊಂದನೆಯ ಪುಟ."

ಒರಳು ಮನೆಗೆ ಬಂತು. ಗುಂಡಿಲ್ಲದ ಒರಳೆಂದರೆ ಏನು? ನಡುವೆ ಕುಳಿ ಇರುವ ಒಂದು ಕಲ್ಲು. ಮರುದಿನ ಬೆಳಿಗ್ಗೆ ಅದರಲ್ಲಿ ಒಂದಿಷ್ಟು ನೀರು ನಿಂತಿತ್ತು, ಎರಡು ಗುಬ್ಬಿ ಮೀಯುತ್ತಿದ್ದವು. ಮೂಕಾಂಬಿಕೆ ನೋಡಲು ಬಂದಳು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಒರಳು ಚೊಲೊ ಇದ್ದು. ಗುಂಡು ಬೇರೆ ಬತ್ತನೆ?" ಎಂದು ಕೇಳಿದಳು.

"ಬತ್ತು," ಎಂದಳು ಪರಮೇಶ್ವರಿ. "ಯುಗಾದಿಗೆ ಬತ್ತು."

ಒಳಗೆ ಹೆಗಡೆಯವರು ಕಿವಿ ಮುಚ್ಚಿಕೊಂಡರು. ಒಂಬತ್ತು ವರ್ಷ ಇನ್ನೊಬ್ಬರ ಗುಂಡು ಮೆಲ್ಲಗೆ ತಿರುಗಿಸಿದವಳು ಈ ಯುಗಾದಿಗೂ ಪಾತ್ರೆ ಹಿಡಿದು ಬಾವಿಯ ಆಚೆ ಹೋಗಬೇಕೆ? ಅದೂ ಅಂಥ ಮಾತು ಆಡಿದ ಮೇಲೆ? ಅವಳು ಬೈದಿದ್ದರೆ ಇವರಿಗೆ ಅನ್ನ ಇಳಿಯುತ್ತಿತ್ತು. ಬೈಯಲಿಲ್ಲ. ಕೇಳಿದ್ದಕ್ಕೆಲ್ಲ ಹೂಂ ಎನ್ನುವಳು, ಬತ್ತಿ ಹೊಸೆಯುವಳು.

ಆಗ ಹೆಗಡೆಯವರು ಎರಡನೆಯ ಪ್ರತಿಜ್ಞೆ ಮಾಡಿದರು. ಗುಂಡನ್ನು ತಾವೇ ಹುಡುಕಿ ತರುವುದು! ಜಾಗದ ಗುರುತು ಅವರಿಗೆ ಸ್ಪಷ್ಟವಾಗಿತ್ತು. ಭಟ್ಕಳದ ಮಚವೆಯ ಮೂತಿಯಿಂದ ನಾಲ್ಕು ಮಾರು ಈಚೆ. ಸೋಮವಾರ ಮಧ್ಯಾಹ್ನ ಬೀರನನ್ನು ಕರೆದುಕೊಂಡು ಹೋಗಿ ನೋಡಿದರೆ ಅಲ್ಲಿ ಬರೇ ನೀರು. ಮಚವೆ ಬೆಳಗಿನ ಮೂಡಗಾಳಿಗೆ ಹಾಯಿ ಎತ್ತಿ ಹೋಗಿತ್ತು.

"ನಿಮ್ ಗುರುತು ಈಗ ಭಟ್ಕಳದಲ್ಲಿ ಹೆಂಚು ಇಳಿಸ್ತದೆ," ಎಂದ ಬೀರ.

ಅಂದಿನಿಂದ ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೆಗಡೆಯವರು ಕಣ್ಣು ಬಿಟ್ಟುಕೊಂಡೇ ದೋಣಿಯಲ್ಲಿ ಕೂತು ಬಿದಿರುಗಳದಿಂದ ಶರಾವತಿಯ ತಳ ತಿವಿದರು. ಒಡೆದ ಮಡಕೆ ಸಿಕ್ಕಿತು. ಕೊಡೆಯ ಅಸ್ಥಿಪಂಜರ ಸಿಕ್ಕಿತು. ಒಂದು ಏಡಿ ಗಳವನ್ನು ಹಿಡಿದುಕೊಂಡು ಮೇಲೆಯೇ ಬಂದು ಇವರ ಮುಖ ನೋಡಿ ಹಿಂದೆ ಹೋಯಿತು. ಗುಂಡು ಸಿಗಲಿಲ್ಲ. ಕಲ್ಲುಕುಟಿಗನಿಗೆ ಹೇಳಿ ಕಳಿಸಿದರೆ, ಒಂಟಿ ಗುಂಡು ಮಾಡಿಕೊಡುವ ಪದ್ಧತಿ ತನ್ನಲ್ಲಿಲ್ಲ, ಬೇಕಾದರೆ ಹಬ್ಬ ಕಳೆದ ಮೇಲೆ ಒರಳನ್ನೇ ತಿರುಗಿ ತನ್ನಿ ಎಂಬ ಉತ್ತರ ಬಂತು. ತಿರುಗಿ ತರುವುದೆಂದರೆ ಮತ್ತೆ ನದಿ, ಮತ್ತೆ ದೋಣಿ!

ಹತ್ತು ದಿನ ಹೀಗೆ ಕಳೆದವು. ಬುಧವಾರ ಸಂಜೆ ಹೆಗಡೆಯವರು ಪಟ್ಟಿಯನ್ನು ಮುಚ್ಚಿಟ್ಟು, ಹೆಂಡತಿಯ ಎದುರು ಮಣೆ ಹಾಕಿಕೊಂಡು ಕೂತರು. ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ.

"ಗುಂಡು ಸಿಕ್ತಿಲ್ಲೆ," ಎಂದರು. "ಮೂಕಾಂಬಿಕೆಗೆ ಎಂತ ಹೇಳೂದು ಹೇಳಿ ನೀನೇ ನೋಡು. ತಪ್ಪು ನಂದು ಹೇಳಿ ಬೇಕಾರೆ ನಾನೇ ಹೋಗಿ ಹೇಳ್ತೆ."

ಪರಮೇಶ್ವರಿ ಕೈಯಲ್ಲಿದ್ದ ಬತ್ತಿಯನ್ನು ಮುಗಿಸಿ ತಟ್ಟೆಗೆ ಹಾಕಿದಳು.

"ನಾಳೆ ಅಮಾಸೆ. ಸಂಜೆ ಐದಕ್ಕೆ ನೀರು ಪೂರಾ ಇಳೀತು. ಬೀರಂಗೆ ದೋಣಿ ತಗಂಡು ಬಪ್ಪಲೆ ಹೇಳಿದ್ದೆ. ನಿಂಗಕ್ಕೆ ಪುರಸೊತ್ತಿದ್ರೆ ಬನ್ನಿ."

ಅಮಾವಾಸ್ಯೆಯ ಸಂಜೆ ದೋಣಿ ಹೊರಟಿತು. ಬೀರ ಹುಟ್ಟಿನ ಹತ್ತಿರ, ಹೆಗಡೆಯವರು ನಡುವೆ, ಪರಮೇಶ್ವರಿ ಸೆರಗು ಬಿಗಿದುಕೊಂಡು ಕೂವೆಮರ ಹಿಡಿದು ಮುಂದೆ. ಲಂಗರನ್ನು ಈ ಸಲ ಲಕ್ಕಿ ತಾನೇ ತಂದು ದೋಣಿಯಲ್ಲಿ ಇಟ್ಟು, ಹೊಸ ಹಗ್ಗದ ಎರಡೂ ತುದಿಯನ್ನು ಕಟ್ಟಿ, ಎಳೆದು ನೋಡಿ ಹೋಗಿದ್ದಳು. ನೀರು ಎಷ್ಟು ಇಳಿದಿತ್ತೆಂದರೆ ಮರಳುದಿಣ್ಣೆಗಳೆಲ್ಲ ಎಮ್ಮೆಗಳ ಹಾಗೆ ಬೆನ್ನು ಮೇಲೆ ಮಾಡಿ ಮಲಗಿದ್ದವು.

ಪರಮೇಶ್ವರಿ ಬಂದರಿನ ಕಡೆಗೆ ನೋಡಿದಳು. "ಬೀರಾ, ಬಾವುಟದ ಕಂಬ ಇನ್ನೂ ಗೋಳಿಮರದ ಹೊರಗೆ ಅದೆ. ಸ್ವಲ್ಪ ಮೂಡಲಿಗೆ ತಗೊ."

ಬೀರ ಹುಟ್ಟನ್ನು ಒಂದು ಗಳಿಗೆ ಎತ್ತಿಹಿಡಿದು ಅವಳನ್ನೇ ನೋಡಿದ. ಆಮೇಲೆ ದೋಣಿಯನ್ನು ಮೂಡಲಿಗೆ ತೆಗೆದ. ಹೆಗಡೆಯವರೂ ನೋಡಿದರು. ಬಾವುಟದ ಕಂಬ ಅವರದೇ ಕಚೇರಿಯದು. ಹನ್ನೊಂದು ವರ್ಷದಿಂದ ದಿನಾ ಅದರ ಬುಡದಲ್ಲಿ ಚಪ್ಪಲಿಯ ಮರಳು ಕೊಡವಿ ಒಳಗೆ ಹೋಗುತ್ತಿದ್ದರು. ಅದು ಈಗ ಮೆಲ್ಲಗೆ ಸರಿದು, ಹಿಂದಿನ ಏರಿನ ಮೇಲಿದ್ದ ಗೋಳಿಮರದ ಬೊಡ್ಡೆಯ ಮೇಲೆ ಬಂದು ಕೂತಿತು.

"ಈಗ ಅದನ್ನ ಬಿಡ್ದೇ ಹಿಂದೆ ಹೋಗು," ಎಂದಳು ಪರಮೇಶ್ವರಿ, ಕುತ್ತಿಗೆಯನ್ನು ಗುಡ್ಡದ ಕಡೆಗೆ ತಿರುಗಿಸಿ. ಅಲ್ಲಿ ದಡದಲ್ಲಿ ಒಂಟಿ ತಾಳೆಮರ, ಅದರ ಹಿಂದೆ ಗುಡ್ಡದ ನೆತ್ತಿಯಲ್ಲಿ ಒಂದು ಬಿಳಿ ಬಂಡೆ.

ಹೆಗಡೆಯವರಿಗೆ ಸುಮ್ಮನಿರಲು ಆಗಲಿಲ್ಲ. ಮಚವೆ ನಿಂತದ್ದು ಇಲ್ಲಿ ಅಲ್ಲವೇ ಅಲ್ಲ, ಇನ್ನೂ ಎಷ್ಟೋ ಕೆಳಗೆ ಎಂದು ಕೈ ಎತ್ತಿ ಹೇಳಹೊರಟರು.

ಪರಮೇಶ್ವರಿ ತಿರುಗಿಯೂ ನೋಡಲಿಲ್ಲ. "ಒಂಬತ್ತನೇ ಪುಟ," ಎಂದಳು.

ಎತ್ತಿದ ಕೈಯಿಂದ ಹೆಗಡೆಯವರು ತಲೆ ಕೆರೆದುಕೊಂಡರು.

ಬಿಳಿ ಬಂಡೆ ತಾಳೆಯ ತಲೆಯ ಮೇಲೆ ಬಂದು ಕೂತಾಗ ಅವಳು ಸಾಕು ಎಂದಳು. ಬೀರ ಲಂಗರು ಹಾಕಿ ನೀರಿಗೆ ಇಳಿದ. ಅಂದು ಎರಡಾಳು ಇದ್ದ ನೀರು ಈಗ ಅವನ ಎದೆಯವರೆಗೆ ಇತ್ತು. ಕಾಲಿನಿಂದ ತಳ ತಡವುತ್ತ ಒಂದು ಸುತ್ತು ಹೋದ, ಎರಡನೆಯ ಸುತ್ತಿನಲ್ಲಿ ನಿಂತ. ಬಗ್ಗಿ ಮುಳುಗಿ ಮೇಲೆ ಬಂದಾಗ ಅವನ ಕೈಯಲ್ಲಿ ಕೆಸರು ಮೆತ್ತಿದ ಹಗ್ಗ ಇತ್ತು. ಎಳೆದ. ಇನ್ನೂ ಎಳೆದ. ಇಡಗುಂಜಿ ದಾರಿಯ ಗುಂಡು ಹಸಿರು ಪಾಚಿಯ ಮುಂಡಾಸು ಕಟ್ಟಿಕೊಂಡು ದೋಣಿಯ ಅಂಚಿಗೆ ಬಂತು.

"ಗಂಟು ಕಾಣಿ ಹೆಗಡೇರೇ," ಎಂದ ಬೀರ, ಅದನ್ನು ಬಿಚ್ಚಲಾಗದೆ. "ಹನ್ನೊಂದು ದಿವ್ಸ ನೀರಲ್ಲಿದ್ರೂ ಅಲ್ಲಾಡ್ಲಿಲ್ಲ. ಹಗ್ಗಕ್ಕೆ ಇರೂದೇ ಎರಡು ತುದಿ, ಇನ್ನೊಂದಕ್ಕೂ ಒಂದು ಹಾಕೂದಲ್ವಾ?"

ಪರಮೇಶ್ವರಿ ಗುಂಡನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಒರೆಸಿದಳು. ಆಗ ಮಾತ್ರ ಅವಳ ಕಣ್ಣು ಸ್ವಲ್ಪ ಒದ್ದೆಯಾಗಿತ್ತು. ಉಪ್ಪುನೀರು ಸಿಡಿದಿರಬೇಕು ಎಂದು ಹೆಗಡೆಯವರು ಬೇರೆ ಕಡೆ ನೋಡಿದರು.

ಯುಗಾದಿಯ ಬೆಳಿಗ್ಗೆ ಮೂಕಾಂಬಿಕೆ ನೆನೆಸಿದ ಅಕ್ಕಿಯ ಪಾತ್ರೆ ಹಿಡಿದು ಬಾವಿ ದಾಟಿ ಬಂದಳು. ಪರಮೇಶ್ವರಿ ತನ್ನದು ಮುಗಿಯುವವರೆಗೆ ಅವಳನ್ನು ನಿಲ್ಲಿಸಿಕೊಳ್ಳಲಿಲ್ಲ, ಮಣೆ ಕೊಟ್ಟು ಮೊದಲು ನಿಂದೇ ಆಗಲಿ ಎಂದಳು. ಮೂಕಾಂಬಿಕೆ ಗುಂಡಿಗೆ ಕೈ ಹಚ್ಚಿ ತಿರುಗಿಸತೊಡಗಿದಾಗ ಮಾತ್ರ, "ಜೋರಾಗೇ ತಿರುಗ್ಸು ಮಾರಾಯ್ತಿ, ಅಡ್ಡಿಲ್ಲೆ," ಎಂದಳು. "ಇದು ಸಮುದ್ರದ ಬಾಗ್ಲು ಕಂಡು ಬಂದ ಗುಂಡು."

ಹೆಗಡೆಯವರು ಜಗಲಿಯ ಮೇಲೆ ಪಟ್ಟಿ ತೆರೆದು ಕೂತಿದ್ದರು. ತಿಂಗಳು ತುಂಬಲು ಎರಡೇ ದಿನ ಉಳಿದಿತ್ತು. ಆದರೆ ಒಂದು ವಿಷಯ ತಿಳಿಯದೆ ಪುಸ್ತಕ ಮುಂದೆ ಹೋಗುವಂತಿರಲಿಲ್ಲ. ಮೂಕಾಂಬಿಕೆ ಹೋದ ಮೇಲೆ ಹೆಂಡತಿಯನ್ನು ಕರೆದು ಕೇಳಿಯೇಬಿಟ್ಟರು. ಹಗ್ಗದ ತುದಿ ಕಟ್ಟಿಲ್ಲವೆಂದು ಕಂಡಿತ್ತು, ಹೇಳಲಿಲ್ಲ ಯಾಕೆ? ಬಿದ್ದ ಜಾಗ ಗೊತ್ತಿತ್ತು, ಹತ್ತು ದಿನ ತಾನು ಕೆಸರು ತಿವಿಯುವಾಗಲೂ ಹೇಳಲಿಲ್ಲ ಯಾಕೆ?

"ಒಂಬತ್ತನೇ ಪುಟದಲ್ಲಿ ನಡುವೆ ಮಾತಾಡಲಾಗ ಹೇಳಿ ಇದ್ದು, ಮಾತಾಡಿದ್ನಿಲ್ಲೆ," ಎಂದಳು ಪರಮೇಶ್ವರಿ. "ಹದಿನಾಲ್ಕರಲ್ಲಿ ಗುರುತು ಹಿಡೀರಿ ಹೇಳಿ ಇದ್ದು, ಹಿಡಿದೆ. ಹದಿನೇಳರಲ್ಲಿ ಅಮಾಸೆಗೆ ನೀರು ಹೆಚ್ಚು ಇಳೀತು ಹೇಳಿ ಇದ್ದು, ಕಾದೆ. ಮತ್ತೆ ನಿಂಗ ದಿನಾ ಬೀರನ್ನ ಕೇಳಿದ್ರಿ, ನನ್ನ ಒಂದಿನನೂ ಕೇಳಿದ್ರಿಲ್ಲೆ."

ಹೆಗಡೆಯವರು ಪೆನ್ಸಿಲು ಎತ್ತಿಕೊಂಡರು. ಆಮೇಲೆ ಒಂಬತ್ತನೆಯ ಪುಟ ತೆಗೆದು, ತಾಂಡೇಲನ ಅಪ್ಪಣೆಗೆ ಯಾರೂ ಎದುರಾಡಬಾರದು ಎಂದಿದ್ದಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದರು. ಹಳೆಯ ಅಭ್ಯಾಸದಂತೆ ಗಟ್ಟಿಯಾಗಿ ಓದಿದರು.

"ಹಗ್ಗದ ತುದಿಯ ವಿಷಯವಾದರೆ ಯಾರು ಬೇಕಾದರೂ ಮಾತಾಡಬಹುದು. ಈಗ ಸಮ ಆತನೆ?"

"ಹೂಂ," ಎಂದಳು ಪರಮೇಶ್ವರಿ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ. ಒಳಗೆ ಹೋಗುವ ಮೊದಲು ಹೊಸಿಲ ಹತ್ತಿರ ಒಂದು ಗಳಿಗೆ ನಿಂತಳು. "ಪುಸ್ತಕ ರಾಶಿ ಚೊಲೊ ಇದ್ದು. ಸಾಹೇಬ್ರಿಗೆ ಕೊಡೂದ್ರೊಳಗೆ ನಿಂಗನೂ ಒಂದ್ಸಲ ಓದಿ."